ಎರಡನೇ ಆಟ, ಚಿಂತಾಮಣಿ

ಪರದೆಯ ಮೇಲೆ ಹೆಣ ಉಸಿರಾಡುತ್ತಿತ್ತು.
ಕತ್ತಲಲ್ಲಿ ಪಕ್ಕದವರನ್ನು ತಿವಿದೆ: ಹೊಟ್ಟೆ ನೋಡಿ.
ಹೆಡ್ ಕಾನ್‌ಸ್ಟೇಬಲ್ ಕದಿರಪ್ಪ ಕಡಲೆಕಾಯಿ ಸಿಪ್ಪೆ ಉಗುಳಿ
"ಇನ್ನೂ ಪಂಚರು ಬಂದಿಲ್ಲ, ಅದಕ್ಕೇ ಬದುಕಿದ್ದಾಳೆ" ಅಂದರು.

ಸಾಹೇಬ ಬಂದ. ರಾತ್ರಿ ಹನ್ನೆರಡಕ್ಕೆ ಕರಿ ಕನ್ನಡಕ.
ಬರಿಗೈಯಲ್ಲಿ ಚೂರಿ ಎತ್ತಿಕೊಂಡ, ಮೂಸಿದ.
ಕೊಂದವನು ಎಡಚ, ತಾಯಿಯಿಲ್ಲದವನು,
ಬಾದಾಮಿ ಹಾಲು ಕುಡಿಯುವವನು ಎಂದ.
ಚಪ್ಪಾಳೆ, ವಿಷಲ್ಲು.
ನಮ್ಮ ಜೀಪಿಗೆ ಡೀಸೆಲ್ ಬೇಕಾದರೆ
ದೂರು ಕೊಟ್ಟವನೇ ಬಂಕಿನವರೆಗೆ ಬರಬೇಕು.

ಆಮೇಲೆ ಹೆಣದ ಕಣ್ಣನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರು,
ಹಿಗ್ಗಿಸಿದರು, ಬಾವಿಯಷ್ಟಾಯಿತು,
ತಳದಲ್ಲಿ ಕೊಲೆಗಾರನ ಹೆಗಲು.
ಇಪ್ಪತ್ತಾರು ವರ್ಷ ಹೆಣಗಳ ಪಟ ತೆಗೆದಿದ್ದೇನೆ ನಾನು
ಮದುವೆ ಆಲ್ಬಮ್ಮುಗಳ ಮಧ್ಯೆ ಮಧ್ಯೆ,
ಕೈವಾರದ ರಸ್ತೆಯಲ್ಲಿ, ಬಟ್ಲಹಳ್ಳಿಯ ಹಿಪ್ಪುನೇರಳೆ ತೋಟದಲ್ಲಿ,
ಟೊಮ್ಯಾಟೊ ಲಾರಿಯ ಚಕ್ರದ ಪಕ್ಕ
ಅಳತೆಗೆ ಒಂದು ಬೀಡಿ ಕಟ್ಟು ಇಟ್ಟು.
ಆ ಕಣ್ಣುಗಳಲ್ಲಿ ಸಿಕ್ಕಿದ್ದು
ನನ್ನದೇ ಫ್ಲಾಶು. ಒಂದು ಬಿಳಿ ಚುಕ್ಕೆ.

ಇಂಟರ್‌ವಲ್ಲಿನಲ್ಲಿ ಕದಿರಪ್ಪ ಬೆರಳು ಮಡಿಸಿದರು:
ಸೋಮವಾರ ಕೊಲೆ, ಮಂಗಳವಾರ ಲ್ಯಾಬಿನ ವರದಿ!
"ಮಗಳು ಹುಟ್ಟಿದ ವಾರ ನಾನು ಕಳಿಸಿದ ಕರುಳು,
ಉತ್ತರ ಬಂದಾಗ ಅವಳು ಎಲ್‌ಕೆಜಿ."

ಕೊನೆಯ ಹತ್ತು ನಿಮಿಷ. ಮುಖವಾಡ ಕಳಚಿತು.
ಫೋಟೋಗ್ರಾಫರ್!
ಮೊದಲ ದೃಶ್ಯದಲ್ಲಿ ಒಂದು ಕ್ಲಿಕ್ ಮಾಡಿ ಹೋದವನು,
ಮಾತಿಲ್ಲ, ಹೆಸರೂ ಇಲ್ಲ.
ಬೆಟ್ಟದೊಳಗೆ ಗುಹೆ, ಗುಹೆಯೊಳಗೆ ಲಿಫ್ಟು,
ಗೋಡೆ ತುಂಬಾ ಹೆಂಗಸರ ಪಟ.
ಸುಳಿವೇನು? ಏನೂ ಇಲ್ಲ.
ಯಾರೂ ಅನುಮಾನಿಸಲಿಲ್ಲವಲ್ಲ, ಅದಕ್ಕೇ ಅವನು.
ಮುಂದಿನ ಸಾಲಿನ ಹುಡುಗರು ತಿರುಗಿ ನನ್ನನ್ನು ನೋಡಿದರು.
ಕದಿರಪ್ಪ ಕೂಡ, ನಗುತ್ತ, ಒಂದು ಕ್ಷಣ ತಡವಾಗಿ.

ಮನೆವರೆಗೂ ಮನಸ್ಸಲ್ಲೇ ವಾದ ಮಾಡಿದೆ:
ಸ್ವಾಮಿ, ಗುಹೆಗೆ ಬಾಡಿಗೆ ಯಾರು ಕೊಟ್ಟರು?
ಲಿಫ್ಟಿಗೆ ಕರೆಂಟು?
ಠಾಣೆಯಿಂದ ಬರಬೇಕಾದ ನನ್ನ ಬಿಲ್ಲು
ಹದಿನಾಲ್ಕು ಹೆಣ ಹಿಂದಿದೆ.

ಬೆಳಿಗ್ಗೆ ಆರಕ್ಕೆ ಫೋನು. ಕೆರೆಯ ತೂಬಿನ ಹತ್ತಿರ.
ಕದಿರಪ್ಪ ಆಗಲೇ ಬಂದಿದ್ದರು, ನಿದ್ದೆಗಣ್ಣು.
ಇವಳ ಹೊಟ್ಟೆ ಅಲುಗಲಿಲ್ಲ.
ಎಡಗಾಲಿನ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಚುಚ್ಚಿತ್ತು,
ಬಲಗಾಲಿನದು ಸಿಗಲಿಲ್ಲ.
ಸಂಗೀತವಿಲ್ಲ. ಯಾರದೋ ಮೊಬೈಲು
ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.
ಬ್ಯಾಗು ಬಿಚ್ಚಿ ಕ್ಯಾಮೆರಾ ತೆಗೆದೆ.
ಜನ ನನಗೆ ದಾರಿ ಬಿಟ್ಟರು,
ಯಾವತ್ತಿಗಿಂತ ಒಂದು ಮಾರು ಹೆಚ್ಚೇ.