ಮೂರನೇ ಗೇರು

ಈ ಊರಲ್ಲಿ ಮೂರನೇ ಗೇರು ಕೆಟ್ಟರೆ
ಗೊತ್ತಾಗುವುದಕ್ಕೇ ಮೂರು ತಿಂಗಳು ಬೇಕು.
ಶಿವಾಜಿನಗರದ ಐಸ್ ಫ್ಯಾಕ್ಟರಿಯಿಂದ
ಜಾನ್ಸನ್ ಮಾರ್ಕೆಟ್ಟಿನ ಮೀನಂಗಡಿಗೆ
ಒಂದು, ಎರಡು, ಬ್ರೇಕು.
ಒಂದು, ಎರಡು, ಮತ್ತೆ ಬ್ರೇಕು.
ಮೂರರವರೆಗೆ ಎಣಿಸಲು ಯಾರು ಬಿಡುತ್ತಾರೆ ಇಲ್ಲಿ?

ಗೊತ್ತಾದದ್ದು ಒಂದು ಬಂದ್ ದಿನ.
ಬಂದ್ ಅಂದರೆ ಮೀನು ಕಾಯುವುದಿಲ್ಲವಲ್ಲ, ಹೊರಟಿದ್ದೆ.
ರಿಚ್‌ಮಂಡ್ ರಸ್ತೆಯಲ್ಲಿ ಒಂದು ನಾಯಿ, ನಾನು, ಅಷ್ಟೇ.
ಆಸೆಯಾಗಿ ಒತ್ತಿದೆ.
ಇಂಜಿನ್ನು ಅರಚಿತು, ಗಾಡಿ ಮಾತ್ರ
ಎರಡರಲ್ಲೇ ಹಲ್ಲು ಕಚ್ಚಿ ಕೂತಿತು.
ಕಾಲೆತ್ತಿದೆನೋ ಇಲ್ಲವೋ, ಬೆನ್ನಿಗೊಂದು ಗುದ್ದು.
ಹಿಂದೆ ಎಂಟು ಐಸ್ ದಿಮ್ಮಿ ಒಂದಕ್ಕೊಂದು ಹಣೆ ಚಚ್ಚಿಕೊಂಡವು.

ಪಿಕಪ್ಪು ನನಗಿಂತ ಎರಡು ವರ್ಷ ದೊಡ್ಡದು.
ಯಾವುದೋ ಕಂಪನಿಯ ದೊರೆ ಬಿಟ್ಟುಹೋದದ್ದು,
ಮಾವ ಚೌರಪ್ಪ ಹರಾಜಿನಲ್ಲಿ ಹಿಡಿದದ್ದು.
ಎಡಗಡೆ ಸ್ಟೀರಿಂಗು, ಕ್ಲಚ್ಚಿಲ್ಲ.
"ಎಡಗಾಲಿಗೆ ಪಿಂಚಣಿ ಕೊಟ್ಟ ಗಾಡಿ" ಅನ್ನುತ್ತಿದ್ದ.

ಜೆ.ಸಿ. ರಸ್ತೆಯವನು ಬಾನೆಟ್ಟನ್ನೂ ಎತ್ತದೆ
"ಬಾಕ್ಸ್ ಹೋಗಿದೆ" ಅಂದ. ತೊಂಬತ್ತು ಸಾವಿರ.
ಕಲಾಸಿಪಾಳ್ಯದವನು ನಕ್ಕ:
"ಆಟೋಮ್ಯಾಟಿಕ್ಕಾ? ಗುಜರಿಗೆ ಹಾಕಿ ಸಾರ್,
ತೂಕಕ್ಕೆ ಒಳ್ಳೇ ರೇಟಿದೆ."

ನೀಲಸಂದ್ರದ ಅಮೀರ್‌ಜಾನ್ ಏನೂ ಅನ್ನಲಿಲ್ಲ.
"ನಾಳೆ ನಾಲ್ಕೂವರೆಗೆ ಬಾ. ರೋಡು ಏಳೋ ಮೊದಲು."

ಕತ್ತಲಲ್ಲಿ ಹೊಸೂರು ರಸ್ತೆ.
ಪಕ್ಕದಲ್ಲಿ ಅವನು, ಕಣ್ಣು ಮುಚ್ಚಿ,
ಹಲಸಿನಹಣ್ಣು ಬಡಿದು ನೋಡುವವನ ಹಾಗೆ ತಲೆ ವಾಲಿಸಿ.
"ಮೆಲ್ಲಗೆ ಒತ್ತು. ಈಗ ಜೋರು. ಈಗ ಬಿಡು."
ಬಿಟ್ಟೆ. ಗುದ್ದು.
"ಜಾರಲಿಲ್ಲ ನೋಡು," ಅಂದ.
"ಜಾರೋದು ಬೇರೆ ಕಾಯಿಲೆ. ಹಿಡಿದದ್ದು ಬಿಡದೆ ಇರೋದು ಬೇರೆ."

ಆಡುಗೋಡಿಯಲ್ಲಿ ನಿಲ್ಲಿಸಿ, ಇಂಜಿನ್ನು ಓಡುತ್ತಿರುವಾಗಲೇ
ಎಣ್ಣೆಯ ಕಡ್ಡಿ ಎಳೆದ. ಹರಿದ ಬನಿಯನ್ನಿಗೆ ಒರೆಸಿ, ಮತ್ತೆ ಅದ್ದಿ,
ಮೊಬೈಲಿನ ಬೆಳಕಿಗೆ ಹಿಡಿದ. ಮೂಸಿದ.
ದಾಳಿಂಬೆ ರಸದ ಕೆಂಪು.
"ಒಳಗೆ ಸುಟ್ಟಿದ್ದಿದ್ರೆ
ಇದು ಕಾಫಿ ಡಿಕಾಕ್ಷನ್ ಆಗಿರೋದು."

ಆಮೇಲೆ ಗಾಡಿಯ ಕೆಳಗೆ ನುಸುಳಿದ.
ನನಗೆ ಕಾಣುತ್ತಿದ್ದದ್ದು ಎರಡು ಹವಾಯಿ ಚಪ್ಪಲಿ,
ಕೇಳುತ್ತಿದ್ದದ್ದು ಒಂದು ಕೆಮ್ಮು.
ಕಿರುಬೆರಳಿಗಿಂತ ಸಪೂರ ರಬ್ಬರ್ ಪೈಪು,
ಅದರ ತುದಿ ಬಿಡಿಸಿ, ಬೆಂಕಿಕಡ್ಡಿ ತೂರಿಸಿ ನೋಡಿದ:
ಒಣಗಿತ್ತು. "ಒದ್ದೆಯಿದ್ರೆ ಖರ್ಚಿತ್ತು."
ಮತ್ತೆ ಸಿಕ್ಕಿಸಿ, ಪೈಪಿನುದ್ದಕ್ಕೂ ಬೆರಳು ಸವರುತ್ತಾ ಹೋಗಿ,
ಸೈಲೆನ್ಸರಿನ ಬಿಸಿಗೆ ತಾಗುವ ತಿರುವಿನಲ್ಲಿ
ಹೆಬ್ಬೆರಳು ಒತ್ತಿದ.

ಇಂಜಿನ್ನಿನ ದನಿ ಇಳಿಯಿತು,
ಸಂತೆಯಲ್ಲಿ ಕೂಗುತ್ತಿದ್ದವಳು
ಇದ್ದಕ್ಕಿದ್ದಂತೆ ಗುಟ್ಟು ಹೇಳತೊಡಗಿದ ಹಾಗೆ.
ಬೆರಳು ತೆಗೆದ. ಮತ್ತೆ ಸಂತೆ.

"ಇಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ
ಬಾಕ್ಸಿಗೆ ಹೇಳೋದು ಈ ಪೈಪೇ. ಉಸಿರು ಸೋರ್ತಿದೆ.
ಪಾಪ, ಅದಕ್ಕೇನು ಗೊತ್ತು?
ಯಾವಾಗಲೂ ಬೆಟ್ಟ ಹತ್ತುತಾನೇ ಇದೀನಿ ಅಂದ್ಕೊಂಡಿದೆ."

ಮೂರು ತಿಂಗಳು.
ಚಪ್ಪಟೆ ರಸ್ತೆಯಲ್ಲಿ, ಐಸು ಇಳಿಸಿ ಖಾಲಿ ಬರುವಾಗಲೂ,
ಅದರ ಮುಂದೆ ನಂದಿ ಬೆಟ್ಟ.
ನಾನೋ, ಸೋಮಾರಿ ಮುಂಡೇದು ಅಂತ
ಡ್ಯಾಶ್‌ಬೋರ್ಡಿಗೆ ಗುದ್ದುತ್ತಿದ್ದೆ.

ಹೊಸ ಪೈಪು ಒಂದೂವರೆ ಗೇಣು.
"ಎಷ್ಟು ಕೊಡಲಿ?"
"ಪೈಪಿಗೆ ಅರವತ್ತು. ಕೇಳಿದ್ದಕ್ಕೆ ಮುನ್ನೂರು."
ನಾನು ಕೇಳಿದ್ದಕ್ಕೋ, ಅವನು ಕೇಳಿದ್ದಕ್ಕೋ
ಕೇಳಲಿಲ್ಲ. ಕೊಟ್ಟೆ.

ಮರುದಿನ ನಸುಕಿಗೆ ಮೂರು ಬಂದದ್ದು ತಿಳಿಯಲೇ ಇಲ್ಲ.
ಹಿಂದೆ ಐಸು ಸದ್ದು ಮಾಡಲಿಲ್ಲ, ಅಷ್ಟೇ.
ಅಷ್ಟರಲ್ಲಿ ಶೂಲೆ ಸರ್ಕಲ್ಲು, ಹಾಲಿನ ವ್ಯಾನು, ಸ್ಕೂಲ್ ಬಸ್ಸು.

ಬಿರುಕುಬಿಟ್ಟ ಪೈಪು ಇನ್ನೂ ನನ್ನ ಹತ್ತಿರವೇ ಇದೆ.
ಸಿಗ್ನಲ್ಲಿನಲ್ಲಿ ಹೊತ್ತು ಹೋಗದಿದ್ದರೆ
ಬಾಯಿಗಿಟ್ಟು ಊದುತ್ತೇನೆ.
ಆ ತುದಿಗೆ ಏನೂ ಮುಟ್ಟುವುದಿಲ್ಲ.
ಕೆನ್ನೆಗೆ ಮಾತ್ರ ತಣ್ಣಗೆ ತಾಗುತ್ತದೆ.