ಮೀನಲ್ಲ

ಗೇಟಿನಲ್ಲಿ ತಡೆದರು. ಪೆಟ್ಟಿಗೆಯಲ್ಲಿ ಏನುಂಟು?
ಮ್ಯೂಆನ್, ಅಂದೆ.
ಮೀನಾ? ಮೀನು ಒಳಗೆ ಬಿಡ್ಲಿಕ್ಕಿಲ್ಲ ಮೇಡಂ.

ತಪ್ಪು ಅವರದಲ್ಲ. ಥರ್ಮಾಕೋಲಿನ ಪೆಟ್ಟಿಗೆ,
ಬಂದರಿನ ಐಸ್ ಪ್ಲಾಂಟಿನ ಬದಿಯಲ್ಲಿ ಇಪ್ಪತ್ತು ರೂಪಾಯಿಗೆ ಕೊಂಡದ್ದು.
ಮೂರು ಸಲ ಸಾಬೂನು ಹಾಕಿ ತೊಳೆದರೂ
ಬಂಗುಡೆಯ ನೆನಪು ಬಿಟ್ಟುಕೊಟ್ಟಿಲ್ಲ.
ಒಳಗೆ ಅಂಗೈಯಗಲದ ಎರಡು ಸಿಂಟಿಲೇಟರ್ ಹಲಗೆ,
ಬೆಳಕು ನುಸುಳದ ಹಾಗೆ ಸುತ್ತಿದ ಕಪ್ಪು ಟೇಪು,
ಮುಚ್ಚಳದಲ್ಲಿ ಕೆಂಪು ಅಂಕಿ,
ಆಕಾಶದಿಂದ ಇಳಿದು ಎರಡನ್ನೂ ತೂರಿ ಹೋದ
ಒಂದೊಂದಕ್ಕೂ ಒಂದೊಂದು.
ಹತ್ತು ನಿಮಿಷಕ್ಕೊಮ್ಮೆ ಕೀಂಯ್ ಎಂದು ಸೊನ್ನೆಗೆ ಮರಳುತ್ತದೆ.

ಇಲ್ಲೇ ಇರಲಿ, ಅಂದರು ಐತಪ್ಪಣ್ಣ. ಬಿಸಿಲಿಗೆ ಹಾಳಾಗ್ತದಾ?
ಎರಡು ಮೈಕ್ರೊಸೆಕೆಂಡಿಗೆ ಹಾಳಾಗ್ತದೆ, ಅಂದೆ,
ಐಸ್ ಹಾಕಿ ಪ್ರಯೋಜನ ಇಲ್ಲ.

ಬೆಳಿಗ್ಗೆ ಬೆಂಗ್ರೆಯ ಮೊದಲ ದೋಣಿ. ಸ್ಟೇಟ್‌ಬ್ಯಾಂಕಿನಿಂದ ಬಸ್ಸು,
ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ.
ಮೊಣಕಾಲ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಫೈಲು,
ಫೈಲಿನಲ್ಲಿ ಡಿಡಿ, ಜಾತಿ ಪ್ರಮಾಣಪತ್ರ,
ನಾನು ನಾನೇ ಎಂದು ನಾನೇ ಸಹಿ ಮಾಡಿದ ಹತ್ತು ಪ್ರತಿ,
ಹೊರದೇಶದ ಸುರಂಗದಲ್ಲಿ ಕಳೆದ ಏಳು ವರ್ಷಕ್ಕೆ ಒಂದು ಹಾಳೆ.
ಹುದ್ದೆ ಒಂದು. ಕಾರಿಡಾರಿನಲ್ಲಿ ಕುರ್ಚಿ ಹದಿನೇಳು,
ನಾವು ನಲವತ್ತೊಂದು ಮಂದಿ.

ಒಳಗೆ ಐದು ಜನ, ಐದು ತಟ್ಟೆ ಗೇರುಬೀಜ.
ಈ ಪ್ರಬಂಧಕ್ಕೆ ಎರಡು ಸಾವಿರದ ಒಂಬೈನೂರು ಲೇಖಕರು.
ನೀವು ಎಲ್ಲಿದ್ದೀರಿ?
ತಿಂಗಳಾಯ, ಜೆ. ಕೊನೆಯ ಹಾಳೆಗಿಂತ ಹಿಂದಿನದರಲ್ಲಿ, ಸರ್.
ಸರಿ, ಇದರಲ್ಲಿ ನೀವು ಮಾಡಿದ್ದು ಯಾವುದು?

ಹೇಳಬೇಕೆಂದಿದ್ದೆ, ಅಜ್ಜನ ಕಾಲದ ರಂಪಣಿಯನ್ನು.
ಹಗ್ಗಕ್ಕೆ ಅರವತ್ತು ಕೈ, ದಡದಲ್ಲಿ ಎರಡು ಸಾಲು.
ಬೂತಾಯಿ ಬಂತೆಂದರೆ
ಇದು ಯಾರು ಎಳೆದ ಮೀನು ಎಂದು ಕೇಳಿದವರಿಲ್ಲ.
ಎಳೆದವನಿಗೊಂದು ಪಾಲು, ಬಲೆಗೊಂದು, ದೋಣಿಗೊಂದು,
ಗಂಡು ದಿಕ್ಕಿಲ್ಲದ ಮನೆಗೂ ಒಂದು.

ಹೇಳಲಿಲ್ಲ. ಹೇಳಿದ್ದು ಇಷ್ಟು:
ಒಂದು ಮೂಲೆಯ ಹದಿನಾರು ಕೇಬಲ್ಲುಗಳ ಗದ್ದಲವನ್ನು
ನಾಲ್ಕು ಚಳಿಗಾಲ ಕೂತು ಇಳಿಸಿದವಳು ನಾನು.
ಆ ಮೂಲೆಯಲ್ಲಿ ಈಗ ಇಲ್ಲದ್ದು ಕಾಣಿಸುವುದಿಲ್ಲ.
ಕಂಡುಹಿಡಿದದ್ದು?
ಅಲ್ಲಿ ಏನೂ ಇಲ್ಲ ಎಂದು. ಇದ್ದರೂ ಇಷ್ಟಕ್ಕಿಂತ ಕಡಿಮೆ ಎಂದು.

ಒಬ್ಬರ ಗೇರುಬೀಜ ಬಾಯಿಯ ಹತ್ತಿರ ನಿಂತಿತು.

ಬಲೆ ನೇಯುವ ಗುರುವಪ್ಪ ಮಾಮ
ಬರಿದೇ ಮರಳಿದ ದೋಣಿಯವರನ್ನೇ ಹೆಚ್ಚು ವಿಚಾರಿಸುವುದು.
ಎಷ್ಟು ಮಾರು ಆಳ, ಯಾವ ದಿಕ್ಕಿನ ನೀರು,
ಬಲೆಯ ಕಣ್ಣು ಎಷ್ಟು ಬೆರಳು.
ನಾಳೆ ಹೋಗುವವನಿಗೆ ಅದು ಬೇಡವಾ, ಎನ್ನುತ್ತಾನೆ,
ಹಲ್ಲಲ್ಲಿ ನೂಲು ಕಚ್ಚಿಕೊಂಡು.

ಇಲ್ಲಿ ನಿಮಗೆ ಯಂತ್ರ ಎಲ್ಲುಂಟು?
ಗೇಟಿನಲ್ಲುಂಟು, ಅಂದೆ.
ನಕ್ಕರು. ನಾನೂ ನಕ್ಕೆ.
ಒಟ್ಟು ಹನ್ನೊಂದು ನಿಮಿಷ.

ಪತ್ರ ಬಂದದ್ದು ಮಳೆ ಹಿಡಿದ ಮೇಲೆ:
ಸೂಕ್ತ ಅಭ್ಯರ್ಥಿ ಕಂಡುಬಂದಿಲ್ಲ.
ಎಷ್ಟು ಆಳಕ್ಕೆ ಹುಡುಕಿದರು,
ಬಲೆಯ ಕಣ್ಣು ಎಷ್ಟು ಬೆರಳಿತ್ತು,
ಬರೆದಿರಲಿಲ್ಲ.

ಆದರೆ ಆ ಮಧ್ಯಾಹ್ನ ಐತಪ್ಪಣ್ಣ
ಭೇಟಿಗೆ ಬಂದವರ ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು.
ಅದು ಕೂಗಿದಾಗೆಲ್ಲ ಬರೆದಿಟ್ಟೆ. ಬೇಕಾದೀತು ಅಂತ.
ಹೆಸರಿನ ಕೆಳಗೆ ಮೀನು ಎಂದು ಬರೆದು ಹೊಡೆದು ಹಾಕಿದ್ದಾರೆ.
ಎಲ್ಲಿಂದ: ಮೇಲಿನಿಂದ.
ಯಾರನ್ನು ಕಾಣಲು: ಅಲ್ಲೊಂದು ಅಡ್ಡಗೆರೆ.
ಆಮೇಲೆ ಗುಂಡುಗುಂಡು ಅಕ್ಷರದಲ್ಲಿ
೪೧೨
೩೯೭
೪೩೧
ನಡುವೆ ಒಂದು ಖಾಲಿ ಸಾಲು
೪೦೪

ಇದೇಕೆ ಖಾಲಿ, ಅಂದೆ.
ತಲೆ ತುರಿಸಿಕೊಂಡರು.
ಆಗ ನಾನು ಚಾ ಕುಡಿಲಿಕ್ಕೆ ಹೋಗಿದ್ದೆ ಮೇಡಂ.
ನೋಡದ್ದನ್ನು ಹೇಗೆ ಬರೆಯುವುದು?