ಬೆನ್ನಿನ ಜಿಪ್ಪು

ಮನಾಮಾ ಸೂಕಿನ ಹಿಂದಿನ ಓಣಿ.
ಅತ್ತರಿನಂಗಡಿಗೂ ವಾಚು ರಿಪೇರಿಯವನಿಗೂ ನಡುವೆ
ಒಂದು ಶಟರಿನಷ್ಟೇ ಅಗಲ ನಮ್ಮ ಟೈಲರಿಂಗ್.
ಅಲ್ಲಿಗೆ ಬಂದಳು ಇಹಿತಾ, ಒಂಬತ್ತು ವರ್ಷ,
ಅಮ್ಮನ ಫೋನನ್ನು ಎರಡೂ ಕೈಯಲ್ಲಿ ಹಿಡಿದು:
"ಆಂಟಿ, ಫ್ಯಾನ್ಸಿ ಡ್ರೆಸ್ಸಿಗೆ ಇದು ಬೇಕು. ಹೀಗೇ ಬೇಕು."

ಫೋನಿನೊಳಗೆ ಐದು ಜನ.
ನಾಲ್ವರು ಗಂಡಸರು, ಎದೆ ಮುಂದೆ, ಕಣ್ಣು ಮುಂದೆ.
ಅವಳೊಬ್ಬಳು ಮಾತ್ರ
ಬೆನ್ನೂ ಮುಖವೂ ಒಟ್ಟಿಗೆ ಕಾಣುವ ಹಾಗೆ
ಹಿಂಡಿದ ಬಟ್ಟೆಯಂತೆ ತಿರುಚಿ ನಿಂತಿದ್ದಳು.
ಇಪ್ಪತ್ತೆರಡು ವರ್ಷದಿಂದ ಮೈಗಳನ್ನು ಅಳೆದಿದ್ದೇನೆ.
ನಮ್ಮ ಬಾಗಿಲ ಬೊಂಬೆಗೆ ಸೊಂಟದಲ್ಲಿ ಸ್ಕ್ರೂ ಇದೆ,
ಅದೂ ಅಷ್ಟು ತಿರುಗುವುದಿಲ್ಲ.

ಕತ್ತರಿ ಹಾಕುವ ಮೊದಲು ನೋಡಬೇಕಲ್ಲ ಎಂದು
ಶುಕ್ರವಾರ ಮಾಲಿಗೆ ಹೋಗಿ ಸಿನಿಮಾ ನೋಡಿದೆ.
ಟಿಕೆಟಿನ ದುಡ್ಡಲ್ಲಿ ಮೂರು ಬ್ಲೌಸಿಗೆ ಲೈನಿಂಗ್ ಬರುತ್ತಿತ್ತು.
ಕಥೆ ಅಷ್ಟು ಗಮನಿಸಲಿಲ್ಲ. ಹೊಲಿಗೆ ನೋಡಿದೆ.

ಕಂಕುಳಿಗೆ ಚೌಕದ ತುಂಡು ಕೊಟ್ಟಿಲ್ಲ;
ಮುಷ್ಟಿ ಎತ್ತಿದರೆ ಸೊಂಟದ ತನಕ ಹರಿಯಬೇಕು, ಹರಿಯಲಿಲ್ಲ.
ಚಪ್ಪಲಿಯ ಹಿಮ್ಮಡಿ ನಾಲ್ಕಿಂಚು,
ಅದರಲ್ಲೇ ಹತ್ತು ಮಾಳಿಗೆ ಹಾರಿದಳು.
ಹಾರಿದ್ದನ್ನು ಕ್ಯಾಮೆರಾ ಕೆಳಗಿನಿಂದ ನೋಡಿತು,
ಇಳಿದದ್ದನ್ನು ಹಿಂದಿನಿಂದ.
ಲೋಕ ಉರಿದು ಬೂದಿಯಾಗಿತ್ತು,
ಅವಳ ಲಿಪ್‌ಸ್ಟಿಕ್ಕಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಮತ್ತೆ ಆ ಜಿಪ್ಪು. ಬೆನ್ನ ನಡುವೆ,
ಕತ್ತಿನಿಂದ ಸೊಂಟದವರೆಗೆ.
ಹೇಳಿ, ಅದನ್ನು ಎಳೆದುಕೊಟ್ಟವರು ಯಾರು?
ಅಷ್ಟು ದೊಡ್ಡ ಗಾಜಿನ ಮನೆಯಲ್ಲಿ ಅವಳೊಬ್ಬಳೇ;
ಅಮ್ಮ ಮೊದಲ ಸೀನಿನಲ್ಲೇ ಸತ್ತಿದ್ದಾಳೆ,
ಗೆಳತಿ ಎಂಬವಳು ಕಥೆಯಲ್ಲೇ ಇಲ್ಲ.
ನಗರ ಕುಸಿಯುತ್ತಿರುವಾಗ ಪಕ್ಕದ ಮನೆಯ ಕದ ತಟ್ಟಿ
"ಇದೊಂಚೂರು ಎಳಿ ಮಾರಾಯ್ತಿ" ಅಂದಳೇ?
ಆ ಕಷ್ಟ ನನಗೆ ಗೊತ್ತು.
ರೂಮಿನ ಜೆಸಿಂತ ನೈಟ್ ಡ್ಯೂಟಿಗೆ ಹೋದ ದಿನ
ಜಿಪ್ಪಿನ ತುದಿಗೆ ನೂಲು ಕಟ್ಟಿ, ಹೆಗಲ ಮೇಲಿಂದ ತಂದು,
ಹಲ್ಲಲ್ಲಿ ಕಚ್ಚಿ ಎಳೆಯುತ್ತೇನೆ.
ಆ ಒಂದು ಸೀನು ತೋರಿಸಿದ್ದರೆ
ನಾನೂ ಸೀಟಿ ಹೊಡೆಯುತ್ತಿದ್ದೆ.

ಇಹಿತಾ ಟ್ರಯಲಿಗೆ ಬಂದ ದಿನ ಹೊರಗೆ ಧೂಳುಗಾಳಿ,
ಓಣಿಯ ತುದಿಯ ಮಿನಾರೂ ಕಾಣುತ್ತಿರಲಿಲ್ಲ.
ಜಿಪ್ಪನ್ನು ಮುಂದಕ್ಕೆ ತಂದಿದ್ದೆ, ಕಂಕುಳಿಗೆ ಚೌಕ ಕೊಟ್ಟಿದ್ದೆ.
"ಫೋಟೋದಲ್ಲಿ ಹೀಗಿಲ್ವಲ್ಲ" ಅಂದರು ಅವಳಮ್ಮ.
ಹುಡುಗಿ ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.
ಆಮೇಲೆ ಸೊಂಟದ ಎರಡೂ ಬದಿ ತಡವಿ,
"ಪಂಪು ಎಲ್ಲಿ ಇಟ್ಕೊಳ್ಳೋದು?"
ಕೈಯಲ್ಲಿ ನೀಲಿ ಇನ್‌ಹೇಲರು.
"ಅವಳಿಗೆ ಉಬ್ಬಸ ಬರಲ್ವಾ ಆಂಟಿ? ಅಷ್ಟೊಂದು ಹೊಗೆಯಲ್ಲಿ?"

ಆ ಗಂಡಸರ ಬೆಲ್ಟಿಗೆ ಎಂಟೆಂಟು ಚೀಲ,
ಸಿನಿಮಾದಲ್ಲಿ ನಾನೇ ಎಣಿಸಿದ್ದೆ.
ಇಷ್ಟೆಲ್ಲ ತಪ್ಪು ಹುಡುಕಿದವಳಿಗೆ
ಇದು ಮಾತ್ರ ಹೊಳೆದಿರಲಿಲ್ಲ.
ಸೀಮೆಸುಣ್ಣ ತೆಗೆದು
ಅವಳ ಎಡತೊಡೆಯ ಮೇಲೆ ಪಂಪು ಇಟ್ಟು ಸುತ್ತ ಗೆರೆ ಎಳೆದೆ.
ಕಚಗುಳಿಗೆ ನಕ್ಕಳು. ನಗು ಕೆಮ್ಮಾಯಿತು.

ಪ್ರೈಜ್ ಬರಲಿಲ್ಲವಂತೆ.
"ಯಾರ ವೇಷ ಅಂತ ಗೊತ್ತಾಗ್ಲಿಲ್ಲ" ಅಂದರಂತೆ ಜಡ್ಜು.
ಆದರೂ ವಾರವಿಡೀ ಅದನ್ನೇ ಹಾಕಿ ಮಲಗುತ್ತಾಳಂತೆ,
ಜೇಬಿನಲ್ಲಿ ಪಂಪು, ಒಂದು ಖರ್ಜೂರದ ಬೀಜ,
ಯಾರದೋ ರಬ್ಬರು.

ಕೆಂಪು ಬಟ್ಟೆ ಒಂದು ಗೇಣು ಉಳಿದಿತ್ತು.
ಮಾಲೀಕರು ಊಟಕ್ಕೆ ಹೋದಾಗ
ನನ್ನ ಚೂಡಿದಾರದ ಒಳಬದಿಗೆ ಜೇಬು ಹೊಲಿದೆ.
ಅಳತೆ ನೆನಪಿನ ಮೇಲೆಯೇ ಹಾಕಿದ್ದು;
ಪಾಸ್‌ಪೋರ್ಟು ಅವರ ಕಪಾಟಿನಲ್ಲಿದೆ,
ಮುಟ್ಟಿ ನಾಲ್ಕು ವರ್ಷವಾಯಿತು.

ಸ್ವಲ್ಪ ಸಡಿಲ ಬಂತು.
ಇರಲಿ, ಬಿಚ್ಚಲಿಲ್ಲ.